ಕೆಲಸ ಕಮ್ಮಿ ಇದ್ದಾಗ ಬೋರ್ಡ್ ಮಾಡುವವರು ಒಬ್ಬರಿಗೊಬ್ಬರು ಡಿಸೈನ್ ಮಾಡಿಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ಆಸ್ಪತ್ರೆಗಳ ಹೆಸರಿನ ಬೋರ್ಡ್ ಮಾಡುವ ಕೆಲಸ ವರ್ಷವಿಡೀ ಒಂದೇ ಸಮ ಬರುವುದಿಲ್ಲ. ಕೆಲವು ತಿಂಗಳು ಪ್ರಿಂಟರ್ ಹಗಲು ರಾತ್ರಿ ಓಡುತ್ತದೆ. ಇನ್ನು ಕೆಲವು ತಿಂಗಳು ಇಂಕ್ ಬರುವ ಹೆಡ್ ಒಣಗಬಾರದು ಅಂತ ಸುಮ್ನೆ ಕ್ಲೀನಿಂಗ್ ಹಾಕುವುದೇ ಕೆಲಸ. ನಿಮ್ಮ ಕೈ ಖಾಲಿ ಇರುವ ಹೊತ್ತಿನಲ್ಲೇ ಇನ್ನೊಂದು ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ತಲೆ ಎತ್ತಲು ಪುರುಸೊತ್ತಿಲ್ಲದಿರಬಹುದು. ಅವರ ಡಿಸೈನ್ ನೀವು ಮಾಡಿಕೊಟ್ಟು ದುಡ್ಡು ತೆಗೆದುಕೊಂಡರೆ ಹೇಗೆ? ಈ ಯೋಚನೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲಸ ಕೊಡುವವರಿಗೂ ಅನ್ವಯಿಸುತ್ತದೆ, ಮಾಡಿಕೊಡುವವರಿಗೂ ಅನ್ವಯಿಸುತ್ತದೆ. ಈ ಲೈನಿನಲ್ಲಿ ಇವತ್ತು ಕೊಡುವವರು ನಾಳೆ ಕೇಳುವವರೇ.

ಪೂರ್ತಿ ಬೋರ್ಡಿನ ಕೆಲಸವನ್ನೇ ಹಂಚಿಕೊಳ್ಳಬಹುದಲ್ಲ, ಬರೀ ಡಿಸೈನ್ ಯಾಕೆ?

ಹಂಚಿಕೊಳ್ಳಬಹುದು, ಆದರೆ ಅದಕ್ಕೆ ಇಬ್ಬರೂ ಹತ್ತಿರ ಇರಬೇಕು. ಮೆಟೀರಿಯಲ್ ತರಬೇಕು, ಸಾಗಿಸಬೇಕು, ಏಣಿ ಹತ್ತಿ ಫಿಟ್ ಮಾಡಬೇಕು, ಆಮೇಲೆ ಲೈಟ್ ಹೋದರೆ ಯಾರು ಬರಬೇಕು ಅನ್ನುವ ಮಾತೂ ಇದೆ. ಡಿಸೈನಿಗೆ ಈ ಯಾವ ರಗಳೆಯೂ ಇಲ್ಲ. ಫೈಲ್ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮಾಡಿಕೊಡುವವರಿಗೆ ಹೊಸ ಬಂಡವಾಳವೂ ಬೇಡ. ಕಂಪ್ಯೂಟರ್ ಇದೆ, ಸಾಫ್ಟ್‌ವೇರ್ ಇದೆ, ಕಲಿತ ಕೈ ಇದೆ. ಖರ್ಚಾಗುವುದು ಖಾಲಿ ಬಿದ್ದಿರುವ ಸಮಯ ಮಾತ್ರ.

ಗ್ರಾಫಿಕ್ ಡಿಸೈನರ್‌ಗಳು ಬೇಕಾದಷ್ಟು ಸಿಗುತ್ತಾರೆ. ಬೋರ್ಡ್ ಮಾಡುವವರಿಗೇ ಯಾಕೆ ಕೊಡಬೇಕು?

ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸ್ಕ್ರೀನ್ ಮೇಲೆ ಚೆಂದ ಕಾಣುವ ಡಿಸೈನ್ ಬೇರೆ, ಮಷಿನ್ ಮೇಲೆ ಹಾಕಿದರೆ ಸೀದಾ ಕೆಲಸ ಆಗುವ ಫೈಲ್ ಬೇರೆ. ಬರೀ ಪ್ರಿಂಟಿಗೆ ಅಥವಾ ಮೊಬೈಲಿಗೆ ಡಿಸೈನ್ ಮಾಡಿ ರೂಢಿಯಾದವರು ಚೆಂದದ ಲೋಗೋ ಕೊಡುತ್ತಾರೆ. ಆದರೆ ಅದರ ಅಕ್ಷರದ ಗೆರೆ ಎಲ್‌ಇಡಿ ಮಾಡ್ಯೂಲಿನ ಅಗಲಕ್ಕಿಂತ ಸಣ್ಣ ಇರುತ್ತದೆ. ಒಳಗೆ ಲೈಟ್ ಕೂರಿಸುವುದು ಎಲ್ಲಿ? ರೂಟರಿನಲ್ಲಿ (ತಿರುಗುವ ಬಿಟ್‌ನಿಂದ ಶೀಟು ಕೊರೆಯುವ ಮಷಿನ್) 3 ಮಿಲಿಮೀಟರ್ ಬಿಟ್ ಹಾಕಿದರೆ ಒಳಮೂಲೆ ಯಾವತ್ತೂ ಚೂಪಾಗಿ ಬರುವುದಿಲ್ಲ, 1.5 ಮಿಲಿಮೀಟರ್ ದುಂಡು ಇದ್ದೇ ಇರುತ್ತದೆ. ಇದು ಬೋರ್ಡ್ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಎಸಿಪಿ ಶೀಟ್ (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಸಾಮಾನ್ಯವಾಗಿ 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ. 12 ಅಡಿಯ ಬೋರ್ಡಿನಲ್ಲಿ ಜಾಯಿಂಟ್ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ಆ ಗೆರೆ ಹೆಸರಿನ ನಡುವಿನ ಅಕ್ಷರವನ್ನು ಸೀಳಿಕೊಂಡು ಹೋಗದ ಹಾಗೆ ಲೇಔಟ್ ಸರಿಸುವುದು ನಮ್ಮ ಲೈನಿನವರಿಗೆ ಮಾತ್ರ ಹೊಳೆಯುತ್ತದೆ.

ಓದುವ ದೂರದ ಲೆಕ್ಕವೂ ಅಷ್ಟೇ. 10 ಅಡಿ ದೂರಕ್ಕೆ 1 ಇಂಚು ಅಕ್ಷರ ಅನ್ನುವುದು ಈ ಕೆಲಸದಲ್ಲಿ ಹಳೇ ಲೆಕ್ಕ. 100 ಅಡಿಯಿಂದ ಆರಾಮಾಗಿ ಓದಬೇಕೆಂದರೆ ಅಕ್ಷರ ಸುಮಾರು 10 ಇಂಚು ಎತ್ತರ ಇರಬೇಕು. ಮಾನಿಟರ್‌ನಲ್ಲಿ ನೋಡಿಕೊಂಡು ಫೋನ್ ನಂಬರನ್ನು ಮೂಲೆಯಲ್ಲಿ ಸಣ್ಣಗೆ ಇಡುವವರಿಗೆ ಇದು ಕಾಣುವುದಿಲ್ಲ. ಹಾಗಾಗಿ ನೀವು ಮಾರುತ್ತಿರುವುದು ಚಿತ್ರ ಅಲ್ಲ, ಮಷಿನ್‌ಗೆ ರೆಡಿ ಇರುವ ಫೈಲ್. ರೇಟು ಮಾತಾಡುವಾಗಲೂ ಇದನ್ನೇ ಹೇಳಿ.

ಯಾವ ಕೆಲಸ ಹೊರಗೆ ಕೊಡಬಹುದು?

ಲೋಗೋ ಟ್ರೇಸಿಂಗ್ ಮೊದಲನೆಯದು. ಗಿರಾಕಿ ವಿಸಿಟಿಂಗ್ ಕಾರ್ಡಿನ ಫೋಟೋ ಹೊಡೆದು ಕಳಿಸುತ್ತಾರೆ, ಅದನ್ನು ವೆಕ್ಟರ್ ಮಾಡಲು, ಅಂದರೆ ಮಷಿನ್ ಹಿಂಬಾಲಿಸುವ ಗೆರೆಗಳಾಗಿ ಮತ್ತೆ ಬಿಡಿಸಲು, ಅರ್ಧ ದಿನ ಹೋಗುತ್ತದೆ. ಕಟ್ಟಡದ ಫೋಟೋ ಮೇಲೆ ಬೋರ್ಡ್ ಕೂರಿಸಿ ತೋರಿಸುವ ಮಾಕಪ್, ವಿನೈಲ್ ಕಟಿಂಗ್ ಫೈಲ್, ರೂಟರ್ ಮತ್ತು ಲೇಸರ್ ಫೈಲ್, ಗಾಡಿ ಸ್ಟಿಕ್ಕರಿನ ಲೇಔಟ್, ಒಂದೇ ಡಿಸೈನನ್ನು ಹತ್ತು ಅಳತೆಗೆ ಬದಲಿಸುವುದು, ಇವೆಲ್ಲ ಕೊಡಬಹುದು.

ಸೈಟಿನ ಅಳತೆ ತೆಗೆಯುವುದು ಮತ್ತು ಗಿರಾಕಿಯ ಜೊತೆ ಮಾತಾಡುವುದು ನಿಮ್ಮ ಹತ್ತಿರವೇ ಇರಲಿ. ಒಂದು ಗಂಟೆಯಲ್ಲಿ ಬೇಕು ಅನ್ನುವ ಕೆಲಸವನ್ನೂ ಕೊಡಬೇಡಿ. ವಿವರಿಸುವಷ್ಟರಲ್ಲಿ ನೀವೇ ಮಾಡಿ ಮುಗಿಸಿರುತ್ತೀರಿ.

ಎಐ ಬಂದ ಮೇಲೆ ಈ ಕೆಲಸ ಇನ್ನೂ ಇರುತ್ತದಾ?

ಟ್ರೇಸಿಂಗ್ ಕೆಲಸ ಜಾಸ್ತಿಯೇ ಆಗಿದೆ. ಗಿರಾಕಿಗಳು ಎಐನಲ್ಲಿ ಮಾಡಿದ ಚಿತ್ರ ಹಿಡಿದುಕೊಂಡು ಬಂದು ಹೀಗೇ ಬೇಕು ಅನ್ನುತ್ತಾರೆ. ಅದು ಸಾಮಾನ್ಯವಾಗಿ ಪಿಕ್ಸೆಲ್ ಚಿತ್ರ. ಲೇಯರ್ ಇಲ್ಲ, ಕಟಿಂಗಿಗೆ ಗೆರೆ ಇಲ್ಲ, ಇದ್ದ ಅಕ್ಷರವೂ ಕೆಲವು ಸಲ ಅಕ್ಷರದ ಹಾಗೆ ಕಾಣುತ್ತದೆಯೇ ಹೊರತು ಅಕ್ಷರ ಆಗಿರುವುದಿಲ್ಲ. ಆಟೋ ಟ್ರೇಸ್ ಒತ್ತಿದರೆ ಸಾವಿರಾರು ನೋಡ್ (ಗೆರೆ ತಿರುಗುವ ಬಿಂದು) ಬರುತ್ತವೆ, ವಿನೈಲ್ ಕತ್ತರಿಸುವ ಪ್ಲಾಟರಿನ ಬ್ಲೇಡ್ ಪ್ರತಿ ನೋಡಿನಲ್ಲೂ ತಡವರಿಸುತ್ತದೆ. ಅದನ್ನು ಕೂತು ಶುಚಿಯಾಗಿ ಮತ್ತೆ ಬಿಡಿಸುವವರು ಬೇಕೇ ಬೇಕು.

ಗಿರಾಕಿಯನ್ನು ಎಳೆದುಕೊಂಡು ಬಿಟ್ಟರೆ?

ಹೆದರಿಕೆ ಸಹಜ. ಅದಕ್ಕೇ ಸಾಧ್ಯವಾದರೆ ನಿಮ್ಮ ಏರಿಯಾದಲ್ಲಿ ಬೋರ್ಡ್ ಹಾಕದವರನ್ನೇ ಹುಡುಕಿ. ದೂರದವರಿಗೆ ನಿಮ್ಮ ಗಿರಾಕಿಯನ್ನು ಕಟ್ಟಿಕೊಂಡು ಏನೂ ಲಾಭವಿಲ್ಲ. ಹತ್ತಿರದವರಾದರೆ ಗಿರಾಕಿಯ ಫೋನ್ ನಂಬರ್ ಬೋರ್ಡಿನ ಮೇಲೆ ಬರುವುದರಿಂದ ಮುಚ್ಚಿಡಲು ಆಗುವುದಿಲ್ಲ. ಈ ಕೆಲಸ ಮುಗಿದ ಮೇಲೆ ಇಷ್ಟು ಸಮಯ ಆ ಗಿರಾಕಿಯನ್ನು ನೀವಾಗಿ ಸಂಪರ್ಕಿಸುವಂತಿಲ್ಲ ಅಂತ ಮೊದಲೇ ಬರೆದುಕೊಳ್ಳಿ. ಗಿರಾಕಿಯೇ ಹುಡುಕಿಕೊಂಡು ಬಂದರೆ ಏನು ಮಾಡಬೇಕು ಅನ್ನುವುದನ್ನೂ ಅದೇ ಸಾಲಿನಲ್ಲಿ ಸೇರಿಸಿ. ಒಂದು ಫೋನ್ ಮಾಡಿ ತಿಳಿಸುವುದು ಸಾಕಾಗುತ್ತದೆ.

ಮಾಡಿಕೊಡುವವರಿಗೂ ಒಂದು ಮಾತು. ಪ್ರೂಫ್ (ಒಪ್ಪಿಗೆಗೆ ಕಳಿಸುವ ಮಾದರಿ ಚಿತ್ರ) ಮೇಲೆ ನಿಮ್ಮ ಅಂಗಡಿಯ ಹೆಸರು ಹಾಕಬೇಡಿ. ಫೈಲಿನ ಹೆಸರಿನಲ್ಲೂ ಬೇಡ. ಅದನ್ನು ಅವರು ಹಾಗೇ ಗಿರಾಕಿಗೆ ಕಳಿಸುತ್ತಾರೆ.

ರೇಟು ಹೇಗೆ ಹಾಕುವುದು?

ಗಂಟೆ ಲೆಕ್ಕ, ಕೆಲಸದ ಲೆಕ್ಕ, ಇಲ್ಲವೇ ಬೋರ್ಡಿನ ಬಿಲ್ಲಿನಲ್ಲಿ ಇಷ್ಟು ಪಾಲು. ಮೂರೂ ಚಾಲ್ತಿಯಲ್ಲಿವೆ. ಪಾಲಿನ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಗಿರಾಕಿ ಚೌಕಾಸಿ ಮಾಡಿದರೆ ನಿಮ್ಮ ಪಾಲೂ ಇಳಿಯುತ್ತದೆ, ಆ ಚೌಕಾಸಿಯಲ್ಲಿ ನೀವು ಇರಲೇ ಇಲ್ಲ. ಬೋರ್ಡ್ ರದ್ದಾದರೆ ಇನ್ನೊಂದು ಜಗಳ.

ಟ್ರೇಸಿಂಗ್, ಅಳತೆ ಬದಲಿಸುವುದು, ಇಂಥ ಗೊತ್ತಿರುವ ಕೆಲಸಕ್ಕೆ ಇಡಿಯಾಗಿ ಒಂದು ರೇಟು ಹಾಕಿ. ಹೊಸದಾಗಿ ಯೋಚಿಸಿ ಮಾಡುವ ಡಿಸೈನಿಗೆ ಗಂಟೆ ಲೆಕ್ಕ ಇಡಿ, ಆದರೆ ಮೇಲಿನ ಮಿತಿ ಹೇಳಿಬಿಡಿ: "6 ಗಂಟೆ ದಾಟುವ ಹಾಗಿದ್ದರೆ ಮೊದಲೇ ಕೇಳುತ್ತೇನೆ." ಗಂಟೆ ಎಣಿಸುವಾಗ ಡ್ರಾಯಿಂಗ್ ಮಾತ್ರ ಎಣಿಸಬೇಡಿ. ಒಂದು ಲೋಗೋ ಬಿಡಿಸಲು 3 ಗಂಟೆ, ಲೇಔಟಿಗೆ 2 ಗಂಟೆ ಅಂದುಕೊಳ್ಳಿ. ಬ್ರೀಫ್ (ಕೆಲಸದ ವಿವರ) ಓದಿ ಸಂಶಯ ಕೇಳಲು ಅರ್ಧ ಗಂಟೆ, ಪ್ರೂಫ್ ಮಾಡಿ ಕಳಿಸಲು ಅರ್ಧ, ಕರೆಕ್ಷನ್ 1 ಗಂಟೆ, ಕೊನೆಯ ಫೈಲ್ ತಯಾರಿ 1 ಗಂಟೆ. 5 ಅಂದುಕೊಂಡದ್ದು 8 ಆಯಿತು. ರೇಟು ಹೊರೆ ಅನ್ನಿಸುವುದು ಈ 3 ಗಂಟೆಯನ್ನು ಮರೆತವರಿಗೆ.

ಕೆಲಸ ಕಮ್ಮಿ ಇದೆ ಅಂತ ಅರ್ಧ ರೇಟಿಗೆ ಒಪ್ಪಿಕೊಳ್ಳುವವರಿದ್ದಾರೆ. ಸೀಸನ್ ಬಂದಾಗ ಆ ಅರ್ಧವೇ ನಿಮ್ಮ ರೇಟು ಆಗಿರುತ್ತದೆ. ರಿಯಾಯಿತಿ ಕೊಡಲೇಬೇಕಾದರೆ ಪೂರ್ತಿ ರೇಟನ್ನು ಬಿಲ್ಲಿನಲ್ಲಿ ಬರೆದು, ಕೆಳಗೆ ಕಡಿಮೆ ಮಾಡಿದ್ದನ್ನು ಬೇರೆ ಸಾಲಿನಲ್ಲಿ ತೋರಿಸಿ.

ದುಡ್ಡಿನ ಬದಲು ಕೆಲಸಕ್ಕೆ ಕೆಲಸ ಮಾಡಿಕೊಂಡರೆ?

ಮುಯ್ಯಾಳಿನ ಹಾಗೆ: ಇವತ್ತು ನಾನು ನಿಮಗೆ, ನಾಳೆ ನೀವು ನನಗೆ. ಚೆನ್ನಾಗಿಯೇ ನಡೆಯುತ್ತದೆ, ಲೆಕ್ಕ ಬರೆದಿಟ್ಟರೆ ಮಾತ್ರ. ಬಾಯಿ ಮಾತಿನ ಲೆಕ್ಕದಲ್ಲಿ ಇಬ್ಬರಿಗೂ ತಾವೇ ಜಾಸ್ತಿ ಮಾಡಿದ ಹಾಗೆ ಅನ್ನಿಸುತ್ತದೆ. ಒಂದು ಶೀಟಿನಲ್ಲಿ ದಿನಾಂಕ, ಕೆಲಸ, ಗಂಟೆ ಬರೆಯಿರಿ, ಇಬ್ಬರಿಗೂ ಕಾಣುವ ಹಾಗಿರಲಿ.

ಒಬ್ಬರು ಡಿಸೈನ್ ಕೊಡುತ್ತಾರೆ, ಇನ್ನೊಬ್ಬರು ಬದಲಿಗೆ ರೂಟರ್ ಓಡಿಸಿಕೊಡುತ್ತಾರೆ ಅಂದರೆ ಗಂಟೆಗೆ ಗಂಟೆ ಸರಿಹೋಗುವುದಿಲ್ಲ. ಮಷಿನ್ ಗಂಟೆಯಲ್ಲಿ ಕರೆಂಟು, ಬಿಟ್, ಸವಕಳಿ ಎಲ್ಲ ಸೇರಿರುತ್ತದೆ. ಹೀಗಿದ್ದಾಗ ಎರಡನ್ನೂ ಹಣಕ್ಕೆ ಇಳಿಸಿ ವಜಾ ಮಾಡಿಕೊಳ್ಳಿ. ಬಾಕಿ ಬಹಳ ಬೆಳೆಯುವ ಮೊದಲು ಚುಕ್ತಾ ಮಾಡಿ. ವಿನಿಮಯಕ್ಕೂ ತೆರಿಗೆ ಬೀಳುವ ಕಡೆಗಳಿವೆ, ನಿಮ್ಮ ಲೆಕ್ಕ ನೋಡುವವರನ್ನು ಒಂದು ಮಾತು ಕೇಳಿ.

ಕೆಲಸ ಕೊಡುವಾಗ ಏನೇನು ಹೇಳಬೇಕು?

"ಒಂದು ಬೋರ್ಡ್ ಡಿಸೈನ್ ಬೇಕಿತ್ತು, ಚೆನ್ನಾಗಿ ಮಾಡಿಕೊಡಿ" ಅನ್ನುವುದು ಬ್ರೀಫ್ ಅಲ್ಲ. ಮಾಡುವವರು ಮತ್ತೆ ಮತ್ತೆ ಫೋನ್ ಮಾಡಬೇಕಾಗುತ್ತದೆ. ಸರಿಯಾದ ಬ್ರೀಫ್ ಒಂದು ಮೆಸೇಜಿನಲ್ಲಿ ಮುಗಿಯುತ್ತದೆ. ಈ ಥರ:

"ಕಣ್ಣಿನ ಆಸ್ಪತ್ರೆಯ ಮುಂಭಾಗದ ಬೋರ್ಡ್. ಎಸಿಪಿ ಮೇಲೆ ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಅಗಲ 14 ಅಡಿ 3 ಇಂಚು, ಎತ್ತರ 3 ಅಡಿ. ನಾನೇ ಅಳೆದದ್ದು. ಬಲಗಡೆ ಕೊನೆಯ 9 ಇಂಚಿನ ಮುಂದೆ ಪೈಪ್ ಹೋಗಿದೆ, ಅಲ್ಲಿ ಅಕ್ಷರ ಬೇಡ. ರಸ್ತೆಯ ಆಚೆಯಿಂದ ಓದಬೇಕು, ಸುಮಾರು 60 ಅಡಿ. ಮೊದಲ ಸಾಲು ಹೆಸರು, ಎರಡನೇ ಸಾಲು 'ಕಣ್ಣಿನ ಆಸ್ಪತ್ರೆ'. ಫೋನ್ ನಂಬರ್ ಬೇಡ. ನೀಲಿ ಅವರ ಕಾರ್ಡಿನಲ್ಲಿ ಇರುವುದೇ ಆಗಬೇಕು, ಕಾರ್ಡ್ ಸ್ಕ್ಯಾನ್ ಕಳಿಸಿದ್ದೇನೆ. ರೂಟರ್ ಬಿಟ್ 3 ಮಿಲಿಮೀಟರ್. ಗುರುವಾರ ಸಂಜೆ ಪ್ರೂಫ್, ಶನಿವಾರ ಫೈಲ್. ಎರಡು ಸಲ ಕರೆಕ್ಷನ್."

ಇದರಲ್ಲಿ ಪೈಪಿನ ಮಾತು ಗಮನಿಸಿ. ದೂರದಲ್ಲಿ ಕೂತು ಡಿಸೈನ್ ಮಾಡುವವರಿಗೆ ಅದು ಗೊತ್ತಾಗುವ ದಾರಿ ಬೇರೆ ಇಲ್ಲ. ಸೈಟಿನ ಫೋಟೋವನ್ನು ನೇರ ಎದುರಿನಿಂದ ಒಂದು, ದೂರದಿಂದ ಒಂದು ತೆಗೆದು ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಬೋರ್ಡಿನ ಮೇಲೆ ಬರಬೇಕಾದ ಪಠ್ಯವನ್ನು ಟೈಪ್ ಮಾಡಿಯೇ ಕೊಡಿ. ಫೋನಿನಲ್ಲಿ ಹೇಳಿದ ಹೆಸರಿನಲ್ಲಿ ಶ ಯಾವುದು, ಷ ಯಾವುದು ಅಂತ ಯಾರಿಗೆ ಗೊತ್ತು?

ಫೈಲ್ ಯಾವ ರೂಪದಲ್ಲಿ, ಯಾವ ಅಳತೆಯಲ್ಲಿ ಕೊಡಬೇಕು?

ಇಬ್ಬರ ಸಾಫ್ಟ್‌ವೇರ್ ಯಾವುದು, ಯಾವ ವರ್ಷನ್ ಅಂತ ಮೊದಲೇ ಕೇಳಿಕೊಳ್ಳಿ. ಹೊಸ ಕೋರೆಲ್‌ಡ್ರಾದಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ, ಹಳೇ ವರ್ಷನ್‌ಗೆ ಇಳಿಸಿ ಸೇವ್ ಮಾಡಬೇಕು. ಅಕ್ಷರ ಕರ್ವ್ಸ್ ಮಾಡಿದ (ಫಾಂಟ್ ಬೇಡದ ಹಾಗೆ ಬರೀ ಗೆರೆ ಮಾಡಿದ) ಫೈಲ್ ಒಂದು, ತಿದ್ದಲು ಬರುವ ಫೈಲ್ ಒಂದು, ನೋಡಿ ಹೋಲಿಸಲು ಜೆಪಿಜಿ ಒಂದು. ಜೆಪಿಜಿ ಬರೀ ಚೆಂದಕ್ಕಲ್ಲ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಏನಾದರೂ ಸರಿದಿದ್ದರೆ ಅದನ್ನು ನೋಡಿಯೇ ಗೊತ್ತಾಗುವುದು. ರೂಟರಿಗೆ, ಲೇಸರಿಗೆ ಡಿಎಕ್ಸ್ಎಫ್ (ಗೆರೆಗಳ ಫೈಲ್) ಕೇಳಿದರೆ ಕೊಡಿ, ಆದರೆ ಮಿಲಿಮೀಟರೋ ಇಂಚೋ ಅಂತ ಫೈಲಿನ ಹೆಸರಿನಲ್ಲೇ ಬರೆಯಿರಿ. ಯೂನಿಟ್ ತಪ್ಪಾದರೆ ಅಳತೆ 25.4 ಪಟ್ಟು ಹೆಚ್ಚುಕಮ್ಮಿ ಆಗುತ್ತದೆ.

ದೊಡ್ಡ ಬೋರ್ಡಿನಲ್ಲಿ ಅಳತೆಯೇ ತಲೆನೋವು. ಇಲ್ಲಸ್ಟ್ರೇಟರ್‌ನ ಮಾಮೂಲು ಆರ್ಟ್‌ಬೋರ್ಡ್ (ಡಿಸೈನ್ ಮಾಡುವ ಹಾಳೆ) 227 ಇಂಚು ದಾಟುವುದಿಲ್ಲ, ಅಂದರೆ 19 ಅಡಿಯೂ ಇಲ್ಲ. ಅದಕ್ಕಿಂತ ದೊಡ್ಡದಕ್ಕೆ ಲಾರ್ಜ್ ಕ್ಯಾನ್ವಾಸ್ ಇದೆ, ಆದರೆ ಆ ಫೈಲ್ ಬೇರೆ ಪ್ರೋಗ್ರಾಮಿನಲ್ಲಿ ಹತ್ತನೇ ಒಂದು ಅಳತೆಯಲ್ಲಿ ತೆರೆದುಕೊಳ್ಳುವುದುಂಟು. ಅದಕ್ಕಿಂತ ನಾವೇ 1:10 ಅಳತೆಯಲ್ಲಿ ಮಾಡಿ, ಫೈಲಿನ ಹೆಸರಿನಲ್ಲಿ "1:10 ಅಳತೆ, ಪೂರ್ತಿ 30 ಅಡಿ x 10 ಅಡಿ" ಅಂತ ಬರೆದುಬಿಡುವುದು ವಾಸಿ.

ಫೋಟೋ ಇರುವ ಫ್ಲೆಕ್ಸಿಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಕೇಳುವವರು ಈಗಲೂ ಇದ್ದಾರೆ. 20 ಅಡಿಗೆ 10 ಅಡಿ ಫ್ಲೆಕ್ಸ್ 300ರಲ್ಲಿ ಮಾಡಿದರೆ ಕುಗ್ಗಿಸದ ಫೈಲ್ ಸುಮಾರು 10 ಜಿಬಿ ಆಗುತ್ತದೆ. ಒಂದು ಬದಿ 72,000 ಪಿಕ್ಸೆಲ್ ಆಗುವುದರಿಂದ ಅದನ್ನು ಫೋಟೋಶಾಪಿನ ಮಾಮೂಲು ಪಿಎಸ್‌ಡಿಯಲ್ಲಿ ಸೇವ್ ಮಾಡಲೂ ಬರುವುದಿಲ್ಲ, ಅದರ ಮಿತಿ 30,000. ಅದೇ 72 ಡಿಪಿಐನಲ್ಲಿ ಸುಮಾರು 600 ಎಂಬಿ. ದೂರದಿಂದ ನೋಡುವ ಫ್ಲೆಕ್ಸಿಗೆ ಪೂರ್ತಿ ಅಳತೆಯಲ್ಲಿ 72ರಿಂದ 100 ಸಾಕು. 1:10ರಲ್ಲಿ ಮಾಡುತ್ತಿದ್ದರೆ 720 ಇಡಬೇಕು ಅನ್ನುವುದು ನೆನಪಿರಲಿ.

ನಾನು ಕಳಿಸಿದ ಕನ್ನಡ ಅಕ್ಷರ ಅಲ್ಲಿ ಕೆಟ್ಟು ಹೋಗುತ್ತದೆ. ಏನು ಮಾಡಲಿ?

ಎರಡು ಬೇರೆ ಬೇರೆ ರೋಗ ಇದು. ನುಡಿ, ಬರಹದ ಹಳೇ ಎನ್ಕೋಡಿಂಗ್ ಫಾಂಟಿನಲ್ಲಿ ಮಾಡಿದ ಪಠ್ಯ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯುನಿಕೋಡ್ ಪಠ್ಯವನ್ನು ಹಳೇ ಸಾಫ್ಟ್‌ವೇರಿನಲ್ಲಿ ತೆರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಎರಡಕ್ಕೂ ಮದ್ದು ಕರ್ವ್ಸ್ ಮಾಡಿ ಕಳಿಸುವುದೇ.

ಕಟಿಂಗ್ ಫೈಲ್ ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಹಳೇ ಫಾಂಟುಗಳಲ್ಲಿ ಒಂದು ಕನ್ನಡ ಅಕ್ಷರ ಎರಡು ಮೂರು ತುಂಡು ಸೇರಿ ಆಗಿರುತ್ತದೆ. "ಕೋ" ಅಂದರೆ ಮೂಲ ಅಕ್ಷರ ಬೇರೆ, ಕೊಂಬು ಬೇರೆ, ದೀರ್ಘ ಬೇರೆ. ತುಂಡುಗಳು ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿರುತ್ತವೆ. ಬಣ್ಣ ತುಂಬಿದಾಗ ಕಾಣುವುದಿಲ್ಲ. ಪ್ಲಾಟರಿಗೆ ಕೊಟ್ಟರೆ ಆ ಜಾಗದಲ್ಲಿ ಅಕ್ಷರವನ್ನೇ ಕತ್ತರಿಸಿಕೊಂಡು ಹೋಗುತ್ತದೆ. ವೈರ್‌ಫ್ರೇಮ್ (ಬಣ್ಣವಿಲ್ಲದೆ ಬರೀ ಗೆರೆ ಕಾಣುವ ನೋಟ) ಹಾಕಿ ನೋಡಿ, ಏರಿಕೊಂಡ ಕಡೆ ವೆಲ್ಡ್ ಮಾಡಿ, ಅಂದರೆ ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡಿ. ಅವಸರದಲ್ಲಿ ಕಂಬೈನ್ ಒತ್ತಿದರೆ ಏರಿಕೊಂಡ ಭಾಗ ತೂತಾಗುತ್ತದೆ. ಕರ್ವ್ಸ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ಅದಕ್ಕೇ ತಿದ್ದುವ ಫೈಲ್ ಬೇರೆ ಇಡಿ ಅಂದದ್ದು.

ಇನ್ನೊಂದು: ಅಕ್ಷರದ ಎತ್ತರ 10 ಇಂಚು ಅಂದಾಗ ಒತ್ತು ಬಿಟ್ಟೋ ಸೇರಿಸಿಯೋ ಅಂತ ಹೇಳಿ. "ಶಾಸ್ತ್ರ" ಅನ್ನುವಂಥ ಪದದಲ್ಲಿ ಒತ್ತು ಕೆಳಗೆ ಬಹಳ ಇಳಿಯುತ್ತದೆ. ಒತ್ತು ಸೇರಿಸಿ ಅಳೆದರೆ ಓದಬೇಕಾದ ಅಕ್ಷರ 6 ಇಂಚೂ ಉಳಿಯದಿರಬಹುದು.

ಬಣ್ಣ ಅಲ್ಲಿ ಒಂದು ಥರ, ಇಲ್ಲಿ ಒಂದು ಥರ ಬಂದರೆ?

ಬಂದೇ ಬರುತ್ತದೆ. ನಿಮ್ಮ ಮಾನಿಟರ್ ಬೇರೆ, ಅವರ ಇಂಕ್ ಬೇರೆ. ಪ್ರಿಂಟ್ ಆಗುವುದು ಅವರ ಮಷಿನಿನಲ್ಲಿ, ಆದ್ದರಿಂದ ಬಣ್ಣದ ಕೊನೆಯ ಮಾತು ಅವರದ್ದೇ. ಸಿಎಂವೈಕೆ ಅಂಕಿಗಳನ್ನು (ನಾಲ್ಕು ಇಂಕಿನ ಪ್ರಮಾಣ) ಬರೆದು ಕೊಡಿ. ಹೊಳೆಯುವ ಹಸಿರು, ಕೇಸರಿ ಸ್ಕ್ರೀನಿನಲ್ಲಿ ಕಂಡ ಹಾಗೆ ಸಿಎಂವೈಕೆಯಲ್ಲಿ ಸಿಗುವುದಿಲ್ಲ ಅಂತ ಪ್ರೂಫ್ ಕಳಿಸುವಾಗಲೇ ಹೇಳಿ. ಬರೀ ಕೆ 100 (ಕಪ್ಪು ಇಂಕ್ ಮಾತ್ರ) ಕೊಟ್ಟ ಕಪ್ಪು ದೊಡ್ಡ ಜಾಗದಲ್ಲಿ ಬೂದು ಹೊಡೆಯುತ್ತದೆ, ಅವರು ಎಷ್ಟು ಇಂಕ್ ಸೇರಿಸುತ್ತಾರೆ ಅಂತ ಕೇಳಿ ಹಾಕಿ. ಬ್ಯಾಕ್‌ಲಿಟ್ ಆದರೆ ಹಿಂದಿನ ಲೈಟಿಗೆ ಬಣ್ಣ ತೆಳುವಾಗುತ್ತದೆ, ಬೋರ್ಡ್ ಬ್ಯಾಕ್‌ಲಿಟ್ ಅನ್ನುವುದು ಬ್ರೀಫಿನಲ್ಲೇ ಇರಬೇಕು. ಸೆಲ್ಫ್ ಕಲರ್ ವಿನೈಲ್ (ಬಣ್ಣ ಹಾಳೆಯಲ್ಲೇ ಇರುವುದು) ಆದರೆ ಈ ಚಿಂತೆ ಇಲ್ಲ, ಕಂಪನಿಯ ಶೇಡ್ ಕಾರ್ಡಿನ ನಂಬರ್ ಬರೆದರೆ ಮುಗಿಯಿತು.

ಮಾಡಿಕೊಡುವವರಿಗೆ ನನ್ನ ಮಷಿನ್ ಬಗ್ಗೆ ಎಷ್ಟು ತಿಳಿದಿರಬೇಕು?

ಮೆಟೀರಿಯಲ್ ಮತ್ತು ಮಷಿನ್ ಎರಡೂ ಹೇಳಿ. ಸನ್‌ಬೋರ್ಡ್ ಅಂತ ಕರೆಯುವ ಫೋಮ್ ಶೀಟು ಪಿವಿಸಿ ಆಗಿದ್ದರೆ ಅದನ್ನು ಲೇಸರಿಗೆ ಹಾಕುವ ಹಾಗಿಲ್ಲ. ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದು ಉಸಿರಿಗೂ ಕೆಟ್ಟದ್ದು, ಮಷಿನಿಗೆ ತುಕ್ಕೂ ಹಿಡಿಸುತ್ತದೆ. ಅಂದರೆ ಅದಕ್ಕೆ ರೂಟರ್ ಫೈಲೇ ಬೇಕು, ಬಿಟ್ಟಿನ ಅಳತೆ ಗೊತ್ತಿರಬೇಕು. ಲೇಸರ್ ಫೈಲಿನಲ್ಲಿ ಒಂದೇ ಗೆರೆ ಎರಡು ಸಲ ಕೂತಿದ್ದರೆ ಅಕ್ರಿಲಿಕ್ ಎರಡು ಸಲ ಸುಡುತ್ತದೆ. ಮುಖದೊಳಗೆ ಇನ್ನೊಂದು ಅಕ್ಷರ ಕೂರಿಸುವ ಇನ್‌ಲೇ ಕೆಲಸದಲ್ಲಿ ಲೇಸರ್ ಗೆರೆಯ ದಪ್ಪ ಎಷ್ಟು ಕಳೆಯಬೇಕು ಅಂತ ಆ ಮಷಿನಿನ ಮಾಲೀಕರೇ ಹೇಳಬೇಕು.

ಕರೆಕ್ಷನ್ ಮುಗಿಯುವುದೇ ಇಲ್ಲ. ಎಲ್ಲಿಗೆ ನಿಲ್ಲಿಸುವುದು?

ಎರಡು ಸಲ ರೇಟಿನಲ್ಲೇ ಸೇರಿರಲಿ, ಮೂರನೆಯದರಿಂದ ಗಂಟೆ ಲೆಕ್ಕ. ಕೆಲಸ ಕೊಟ್ಟವರು ಗಿರಾಕಿಯ ಮಾತನ್ನೆಲ್ಲ ಒಟ್ಟು ಮಾಡಿ ಒಂದೇ ಸಲ ಕಳಿಸಬೇಕು. ಬೆಳಗ್ಗೆ "ನೀಲಿ ಮಾಡಿ", ಮಧ್ಯಾಹ್ನ "ಸ್ವಲ್ಪ ದೊಡ್ಡದು", ಸಂಜೆ "ಮೊದಲಿನದೇ ಇರಲಿ" ಅಂದರೆ ಅದು ಮೂರು ಕರೆಕ್ಷನ್. ಮಾಡಿಕೊಡುವವರ ತಪ್ಪನ್ನು ತಿದ್ದುವುದು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಗಿರಾಕಿ ಡಿಸೈನ್ ಒಪ್ಪಲಿಲ್ಲ. ಆದರೂ ದುಡ್ಡು ಕೊಡಬೇಕಾ?

ಕೊಡಬೇಕು. ಕೆಲಸ ಹೇಳಿದವರು ನೀವು, ಗಿರಾಕಿ ಅಲ್ಲ. ಬ್ರೀಫಿನಲ್ಲಿ ಇದ್ದದ್ದನ್ನು ಮಾಡಿಕೊಡದಿದ್ದರೆ ಆ ಮಾತು ಬೇರೆ.

ತಪ್ಪಾಗಿ ಪ್ರಿಂಟ್ ಆಯಿತು, ಮೆಟೀರಿಯಲ್ ಹಾಳಾಯಿತು. ನಷ್ಟ ಯಾರದ್ದು?

ಜಗಳ ಹುಟ್ಟುವುದು ಬಹುಪಾಲು ಇಲ್ಲೇ. ನನ್ನ ಲೆಕ್ಕದಲ್ಲಿ, ಪ್ರೂಫಿಗೆ "ಓಕೆ" ಹೇಳಿದವರ ಮೇಲೆ ಪ್ರೂಫಿನಲ್ಲಿ ಕಾಣುವ ತಪ್ಪುಗಳ ಹೊಣೆ. ಕಾಗುಣಿತ, ಫೋನ್ ನಂಬರ್, ಅಳತೆ ಎಲ್ಲ ಅದರಲ್ಲಿ ಬಂತು. ಪ್ರೂಫಿನಲ್ಲಿ ಕಾಣದ್ದು, ಅಂದರೆ ವೆಲ್ಡ್ ಆಗದ ಅಕ್ಷರ, ಕೂಡಿಕೊಳ್ಳದೆ ತೆರೆದುಕೊಂಡ ಪಾತ್ (ಗೆರೆ), ಒಂದರ ಮೇಲೊಂದು ಕೂತ ಗೆರೆ, ಇವು ಫೈಲ್ ಮಾಡಿದವರ ಹೊಣೆ. ಆದರೆ ಅವರು ಎಷ್ಟರ ಮಟ್ಟಿಗೆ ತುಂಬಿಕೊಡಬೇಕು? ಡಿಸೈನಿಗೆ ಸಿಗುವ ದುಡ್ಡು ಚಿಕ್ಕದು, ಹಾಳಾಗುವ ಅಕ್ರಿಲಿಕ್ಕು ದೊಡ್ಡದು. ಡಿಸೈನಿನ ಚಾರ್ಜ್ ಎಷ್ಟಿತ್ತೋ ಅಷ್ಟಕ್ಕೆ ಮಿತಿ ಅಂತ ಬರೆದುಕೊಳ್ಳುವುದು ನ್ಯಾಯ. ಮಷಿನ್ ಓಡಿಸುವವರು ಗುಂಡಿ ಒತ್ತುವ ಮೊದಲು ಫೈಲ್ ನೋಡಲೇಬೇಕು. ದೊಡ್ಡ ಕೆಲಸವಾದರೆ ಒಂದು ಅಕ್ಷರವನ್ನು ಉಳಿಕೆ ತುಂಡಿನಲ್ಲಿ ಕತ್ತರಿಸಿ ನೋಡಿದರೆ ಎಷ್ಟೋ ನಷ್ಟ ತಪ್ಪುತ್ತದೆ.

ಡಿಸೈನಿನ ಹಕ್ಕು ಯಾರದ್ದು?

ಬರೆದುಕೊಳ್ಳದಿದ್ದರೆ ಗೊಂದಲ ಖಂಡಿತ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕಾಪಿರೈಟ್ ತಾನಾಗಿಯೇ ಹುಟ್ಟುತ್ತದೆ, ರಿಜಿಸ್ಟರ್ ಮಾಡಿಸಬೇಕಾಗಿಲ್ಲ. ಸಂಬಳಕ್ಕೆ ಇರುವವರು ಮಾಡಿದ್ದು ಒಂದು ಲೆಕ್ಕ, ಹೊರಗಿನವರು ಮಾಡಿದ್ದು ಬೇರೆ ಲೆಕ್ಕ. ಹೊರಗಿನವರಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ನಿಮ್ಮದಾಯಿತು ಅಂತ ಎಲ್ಲ ಕಡೆ ಇಲ್ಲ. "ಪೂರ್ತಿ ಹಣ ಸಂದ ಮೇಲೆ ಈ ಡಿಸೈನಿನ ಎಲ್ಲ ಹಕ್ಕು ಕೆಲಸ ಕೊಟ್ಟವರಿಗೆ" ಅನ್ನುವ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿ. ಈ ಸಾಲಿನಿಂದ ಮಾಡಿಕೊಟ್ಟವರಿಗೂ ರಕ್ಷಣೆ ಇದೆ, ಹಣ ಬಾರದಿದ್ದರೆ ಹಕ್ಕೂ ಹೋಗುವುದಿಲ್ಲ.

ಗಿರಾಕಿ ಒಪ್ಪದೆ ಉಳಿದ ಎರಡನೇ, ಮೂರನೇ ಡಿಸೈನ್ ಏನಾಗಬೇಕು? ಅವು ಮಾಡಿದವರ ಹತ್ತಿರವೇ ಉಳಿಯಲಿ ಅಂತ ನನ್ನ ಮಾತು. ಹೆಸರು ಲೋಗೋ ತೆಗೆದು ಬೇರೆ ಕಡೆ ಬಳಸಿಕೊಳ್ಳಬಹುದು.

ಫಾಂಟ್ ಫೈಲನ್ನೂ ಜೊತೆಗೆ ಕಳಿಸಲಾ?

ಫಾಂಟಿನ ಲೈಸೆನ್ಸ್ ಬಿಡದಿದ್ದರೆ ಬೇಡ. ಕೊಂಡ ಫಾಂಟುಗಳಲ್ಲಿ ಬಹಳಷ್ಟು ಬೇರೆಯವರಿಗೆ ಹಂಚುವ ಹಾಗಿಲ್ಲ. ಹೆಸರು ಹೇಳಿ, ಕರ್ವ್ಸ್ ಕಳಿಸಿ. ನೆಟ್ಟಿನಿಂದ ಎತ್ತಿಕೊಂಡ ಫೋಟೋ ಬಳಸಿದ್ದರೆ ಅದನ್ನೂ ಹೇಳಲೇಬೇಕು, ನಾಳೆ ನೋಟಿಸ್ ಬರುವುದು ಬೋರ್ಡ್ ಹಾಕಿಸಿದವರಿಗೆ.

ಮಾಡಿದ ಕೆಲಸವನ್ನು ನನ್ನದು ಅಂತ ತೋರಿಸಬಹುದಾ?

ಕೇಳಿ ತೋರಿಸಿ. ಎಷ್ಟೋ ಅಂಗಡಿಯವರು ಡಿಸೈನ್ ಹೊರಗೆ ಮಾಡಿಸುತ್ತೇವೆ ಅಂತ ಗಿರಾಕಿಗೆ ಹೇಳಿರುವುದಿಲ್ಲ. ಹೆಸರು ಬದಲಿಸಿ ತೋರಿಸಲು ಹೆಚ್ಚಿನವರು ಒಪ್ಪುತ್ತಾರೆ.

ದುಡ್ಡು ಮುಳುಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಗುರುತಿಲ್ಲದವರಾದರೆ ಅರ್ಧ ಅಡ್ವಾನ್ಸ್, ಉಳಿದದ್ದು ಕೊನೆಯ ಫೈಲಿಗೆ ಮುಂಚೆ. ಅಲ್ಲಿಯವರೆಗೆ ಕಡಿಮೆ ಡಿಪಿಐನ ಜೆಪಿಜಿ ಪ್ರೂಫ್ ಮಾತ್ರ, ಅಡ್ಡಕ್ಕೆ ವಾಟರ್‌ಮಾರ್ಕ್ ಹಾಕಿ. ಪ್ರೂಫನ್ನು ವೆಕ್ಟರ್ ಪಿಡಿಎಫ್ ಆಗಿ ಕಳಿಸಬೇಡಿ. ಅದನ್ನು ಕೋರೆಲ್‌ನಲ್ಲಿ ತೆರೆದು ವಾಟರ್‌ಮಾರ್ಕ್ ಅಳಿಸಿದರೆ ಪೂರ್ತಿ ಫೈಲ್ ಕೈಗೆ ಸಿಕ್ಕ ಹಾಗೆ. ಹಳೆಯ ಗುರುತಿನವರಾದರೆ ತಿಂಗಳಿಗೊಂದು ಬಿಲ್ ಸಾಕು. "ಗಿರಾಕಿ ಕೊಟ್ಟ ಮೇಲೆ ಕೊಡುತ್ತೇನೆ" ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಬೋರ್ಡಿನ ಬಾಕಿ ಎಷ್ಟು ದಿನ ಎಳೆಯುತ್ತದೆ ಅಂತ ನಿಮಗೇ ಗೊತ್ತಿದೆಯಲ್ಲ.

ಮೊದಲ ಸಲ ಯಾರನ್ನು, ಹೇಗೆ ಕೇಳುವುದು?

"ಕೆಲಸ ಇಲ್ಲ, ಏನಾದರೂ ಇದ್ದರೆ ಕೊಡಿ" ಅಂದರೆ ಅಯ್ಯೋ ಪಾಪ ಅನ್ನಿಸುತ್ತದೆ, ಕೆಲಸ ಸಿಗುವುದಿಲ್ಲ. ಮೆಟೀರಿಯಲ್ ಸಪ್ಲೈ ಮಾಡುವವರಿಗೆ ಯಾವ ಅಂಗಡಿ ಈಗ ತುಂಬಿ ತುಳುಕುತ್ತಿದೆ ಅಂತ ಗೊತ್ತಿರುತ್ತದೆ, ಅವರನ್ನು ವಿಚಾರಿಸಿ. ಆಮೇಲೆ ನೇರವಾಗಿ: "ಈ ತಿಂಗಳು ದಿನಕ್ಕೆ 4 ಗಂಟೆ ಬಿಡುವಿದೆ. ಟ್ರೇಸಿಂಗ್, ರೂಟರ್ ಫೈಲ್ ಮಾಡಿಕೊಡುತ್ತೇನೆ. ಇವತ್ತು ಕಳಿಸಿದರೆ ನಾಳೆ ಸಂಜೆಗೆ." ಜೊತೆಗೆ ಒಂದು ಕೆಟ್ಟ ಲೋಗೋ ಫೋಟೋ, ಅದರಿಂದ ನೀವು ಮಾಡಿದ ಫೈಲಿನ ವೈರ್‌ಫ್ರೇಮ್, ಕತ್ತರಿಸಿ ಕೂರಿಸಿದ ಅಕ್ಷರದ ಫೋಟೋ ಕಳಿಸಿ. ಗೆರೆ ಎಷ್ಟು ಶುಚಿಯಾಗಿದೆ ಅಂತ ಅವರು ನೋಡಿದ ಕೂಡಲೇ ಗುರುತಿಸುತ್ತಾರೆ.

ಸ್ಯಾಂಪಲ್ ಅಂತ ಪುಕ್ಕಟೆ ಕೆಲಸ ಕೇಳಿದರೆ ಬೇಡ ಅನ್ನಿ. ಚಿಕ್ಕ ಕೆಲಸ ಕೊಡಲಿ, ಚಿಕ್ಕ ದುಡ್ಡು ಕೊಡಲಿ.

ನನ್ನದೇ ಸೀಸನ್ ಮತ್ತೆ ಶುರುವಾದರೆ ಒಪ್ಪಿಕೊಂಡ ಕೆಲಸದ ಗತಿ?

ಮುಗಿಸಬೇಕು. ರಾತ್ರಿ ಕೂತಾದರೂ ಮುಗಿಸಬೇಕು. ಅದಕ್ಕೇ ಒಪ್ಪಿಕೊಳ್ಳುವಾಗ ಒಂದು ವಾರಕ್ಕಿಂತ ಮುಂದಿನ ಕೆಲಸ ಹಿಡಿಯಬೇಡಿ, ಬಿಡುವು ಯಾವಾಗ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಗುವುದೇ ಇಲ್ಲ ಅನ್ನಿಸಿದರೆ ಗಡುವಿನ ದಿನ ಹೇಳಬೇಡಿ, ಗೊತ್ತಾದ ದಿನವೇ ಹೇಳಿ, ಅಲ್ಲಿಯವರೆಗಿನ ಫೈಲನ್ನು ಹಾಗೇ ಕೊಟ್ಟುಬಿಡಿ. ಅದನ್ನು ಇನ್ನೊಬ್ಬರಿಗೆ ದಾಟಿಸುವ ಯೋಚನೆ ಇದ್ದರೆ ಮೊದಲು ಕೇಳಿ. ಅವರು ಗಿರಾಕಿಯ ವಿವರ ಕೊಟ್ಟಿರುವುದು ನಿಮ್ಮನ್ನು ನಂಬಿ.

ಎಷ್ಟು ಜನರ ಜೊತೆ ಈ ವ್ಯವಹಾರ ಇಟ್ಟುಕೊಳ್ಳುವುದು ಒಳ್ಳೆಯದು?

ಎರಡು ಮೂರು ಅಂಗಡಿ ಸಾಕು. ಅವರ ಸೀಸನ್ ನಿಮ್ಮದರ ಜೊತೆಗೇ ಬರಬಾರದು ಅಷ್ಟೇ. ಎಲ್ಲರೂ ಒಂದೇ ಥರದ ಕೆಲಸ ಮಾಡುವವರಾದರೆ ಎಲ್ಲರಿಗೂ ಒಟ್ಟಿಗೆ ಬಿಡುವು, ಒಟ್ಟಿಗೆ ಅವಸರ. ನೀವು ಫ್ಲೆಕ್ಸ್ ಜಾಸ್ತಿ ಮಾಡುವವರಾದರೆ ಕಟ್ಟಡದ ಒಳಗಿನ ಬೋರ್ಡುಗಳನ್ನು ಮಾಡುವವರು ಒಬ್ಬರು, ಗಾಡಿಗಳಿಗೆ ಸ್ಟಿಕ್ಕರ್ ಹಾಕುವವರು ಒಬ್ಬರು ಇದ್ದರೆ ಲೆಕ್ಕ ಕೂಡುತ್ತದೆ.